ಮೇಷ್ಟ್ರ ಶರ್ಟಿನ ಗುಂಡಿ

ಆ ಬೆಳಿಗ್ಗೆ ಗಾಳಿಗೆ ತಲೆ ಕೆಟ್ಟಿತ್ತು. ಬಾಗಿಲುಗಳು ತಾವಾಗಿಯೇ ಬಡಿದುಕೊಳ್ಳುತ್ತಿದ್ದವು. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಮಗಳು, ಅಪ್ಪನ ಹಾಸಿಗೆಯ ಚಾದರವನ್ನು ಹಗ್ಗಕ್ಕೆ ಹಾಕಿ ಕ್ಲಿಪ್ಪಿಗೆ ಕೈ ಚಾಚುವಷ್ಟರಲ್ಲಿ ಅದು ಹಾರಿತು. ಹಾರಿ, ಗೇಟು ತೆರೆದು ಬರುತ್ತಿದ್ದವನ ತಲೆಯನ್ನು ಪೂರ್ತಿ ಮುಚ್ಚಿಬಿಟ್ಟಿತು!

"ಅಯ್ಯೋ! ನೆಲಕ್ಕೆ ಬಿಡ್ಬೇಡಿ ರೀ, ಮತ್ತೆ ಒಗೀಬೇಕಾಗುತ್ತೆ!"

ಒದ್ದೆ ಚಾದರದೊಳಗಿನಿಂದ ಶಾಂತವಾದ ದನಿ ಬಂತು. "ಬಿಡಲ್ಲ ಮೇಡಂ. ಆದ್ರೆ ನಂಗೆ ಏನೂ ಕಾಣ್ತಿಲ್ಲ."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ನಗುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ!

ಅವನು ಆಸ್ಪತ್ರೆಯವರು ಕಳಿಸಿದ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದು ಬಲಗೈ ಸೋತಿದ್ದ ಅಪ್ಪ ಅವನಿಗೆ ಅಂದೇ ಹೆಸರಿಟ್ಟರು: ವ್ಯಾಯಾಮದ ಮೇಷ್ಟ್ರು. ಎದ್ದು ನಿಲ್ಲುವಾಗ ಆಸರೆಗೆಂದು ಮೇಷ್ಟ್ರ ಶರ್ಟನ್ನೇ ಹಿಡಿದು ಜಗ್ಗಿದರು. ಗುಂಡಿ ಟಪ್ಪೆಂದು ಕಿತ್ತು ಮಂಚದಡಿ ಉರುಳಿತು.

"ನಾಳೆ ಶರ್ಟ್ ತನ್ನಿ, ಹೊಲಿದು ಕೊಡ್ತೀನಿ," ಎಂದಳು, ಮುಖ ಕೆಂಪಗೆ ಮಾಡಿಕೊಂಡು. ಶರ್ಟೇನೋ ಬಂತು. ಗುಂಡಿ ಮಾತ್ರ ಹೊಲಿಯಲಾಗಲಿಲ್ಲ.

ಹೊಲಿಗೆ ಆ ಮನೆಯ ಕಸುಬು. ಊರಿಗೆಲ್ಲ ಕೋಟು ಹೊಲಿದ ಅಪ್ಪನ ಕತ್ತರಿ ಈಗ ಬೀರುವಿನಲ್ಲಿ, ಬೀರುವಿನ ಕೀಲಿ ಮಗಳ ಸೊಂಟದಲ್ಲಿ. ಕುಯ್ದುಕೊಂಡರೆ? ಚುಚ್ಚಿಕೊಂಡರೆ? ಒಂದು ಗೀರು ಬಿದ್ದರೂ ದೂರದಲ್ಲಿದ್ದ ಅಣ್ಣ ಫೋನಿನಲ್ಲಿ ಅದೇ ರಾಗ ಎಳೆಯುತ್ತಿದ್ದ: "ನಿನ್ನ ಕೈಲಿ ಆಗ್ತಿಲ್ಲ ಪುಟ್ಟಿ. ವೃದ್ಧಾಶ್ರಮಕ್ಕೆ ಸೇರ್ಸೋಣ."

ಅಪ್ಪನನ್ನು ಕಳಿಸಿ ಈ ಮನೆಯಲ್ಲಿ ನಾನು ಉಸಿರಾಡುವುದು ಹೇಗೆ? ಆ ಹೆದರಿಕೆಗೇ ಅವಳು ಅಪ್ಪನ ಕೈಗೆ ಏನನ್ನೂ ಬಿಡುತ್ತಿರಲಿಲ್ಲ. ತುತ್ತು ಅವಳದೇ, ಬಾಚಣಿಗೆ ಅವಳದೇ, ಸಿಡುಕೂ ಅವಳದೇ.

"ಚಮಚ ಅವರೇ ಹಿಡೀಲಿ ಬಿಡಿ ಮೇಡಂ."

"ಅರ್ಧ ಮೈಮೇಲೆ ಚೆಲ್ಕೋತಾರೆ! ಒಗೆಯೋರು ನೀವಾ?"

"ಕೊಡಿ, ಒಗೀತೀನಿ."

"ಮಾತಿಗೇನೂ ಕಮ್ಮಿ ಇಲ್ಲ!"

"ಶರ್ಟಿಗೆ ಕಮ್ಮಿ ಆಗಿದೆ. ನಂದೊಂದು ಇಲ್ಲೇ ಇದೆ."

"ನಾಳೆ ಅಂದ್ನಲ್ಲ!"

ಮಂಚದಿಂದ ಅಪ್ಪನ ತೊದಲು ಮಾತು ಬಂತು: "ಮೇಷ್ಟ್ರೇ, ಟೈಲರ್ ನಾಳೆ ಅಂದ್ರೆ ನಂಬ್ತೀರಾ? ನಾನೇ ಎಷ್ಟು ಜನಕ್ಕೆ ಹೇಳಿದೀನಿ!"

ಅವನು ನಕ್ಕು ಹೊರಟ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಯಾಕೆ ಹೀಗೆ?... ಥೂ, ನನಗೆಲ್ಲೋ ಹುಚ್ಚು!

ಒಂದು ದಿನ ಔಷಧಿ ತಂದು ಒಳಬಂದವಳು ಹೌಹಾರಿದಳು. ಅಪ್ಪನ ಬಲಗೈಯಲ್ಲಿ ಸೂಜಿ! ತೊಡೆಯ ಮೇಲೆ ಚಿಂದಿ ಬಟ್ಟೆ. ಎಡಗೈ ಬೆರಳ ತುದಿಯಲ್ಲಿ ರಕ್ತದ ಹನಿ. ಎದುರಿಗೆ ಮೇಷ್ಟ್ರು!

"ಯಾರನ್ನ ಕೇಳಿ ಕೊಟ್ರಿ? ಅವರೇನು ನಿಮ್ಮ ಪ್ರಯೋಗದ ಗೊಂಬೆನಾ?"

"ಚೆಂಡು ಹಿಡಿ ಅಂದ್ರೆ ಬೇಜಾರು ಮಾಡ್ಕೋತಾರೆ. ಸೂಜಿ ಅಂದ್ರೆ ಕೈ ತಾನೇ ಮುಂದೆ ಬರುತ್ತೆ..."

"ನಾಳೆ ಅಣ್ಣ ಬಂದು ಈ ಗಾಯ ನೋಡಿದ್ರೆ? ಕರ್ಕೊಂಡು ಹೋದ್ರೆ? ನೀವು ಬ್ಯಾಗ್ ಎತ್ಕೊಂಡು ಇನ್ನೊಂದು ಮನೆಗೆ ಹೋಗ್ತೀರಿ. ನಾನು?... ಇನ್ನು ಬರ್ಬೇಡಿ!"

ಅವನ ಮುಖ ಬಿಳಿಚಿತು. "ನಿಮ್ಗೆ ಹೇಳದೆ ಮಾಡಿದ್ದು ತಪ್ಪೇ. ಕ್ಷಮಿಸಿ," ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನದಿಂದ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದರು. ನಾಲ್ಕನೆಯ ದಿನ ತುತ್ತಿಗೂ ಬಾಯಿ ತೆರೆಯಲೊಲ್ಲರು.

"ತಿನ್ನಪ್ಪಾ! ನನ್ನ ಪ್ರಾಣ ಹಿಂಡ್ಬೇಡ!"

"ಮೇಷ್ಟ್ರು ನಂಗೆ ಕೆಲಸ ಕೊಟ್ಟಿದ್ರು," ಎಂದರು ಅಪ್ಪ, ಗೋಡೆಯ ಕಡೆಗೇ. "ನೀನು ಊಟ ಮಾತ್ರ ಕೊಡ್ತೀಯ."

ಅವಳು ತಟ್ಟೆ ಕೆಳಗಿಟ್ಟಳು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ದೇವರೇ, ಇಷ್ಟು ಮಾಡಿಯೂ ನಾನು ಮಾಡಿದ್ದೇನು?

ಆ ಮಧ್ಯಾಹ್ನ ಮೇಷ್ಟ್ರ ಶರ್ಟಿಗೆ ಗುಂಡಿ ಹಾಕಲು ಕೂತವಳು ಹೊಲಿಗೆ ಮಷೀನಿನ ಮೇಲೆಯೇ ತಲೆಯಿಟ್ಟು ನಿದ್ದೆಹೋದಳು. ಕಣ್ಣು ಬಿಟ್ಟಾಗ ಎದುರಿನ ಕುರ್ಚಿಯಲ್ಲಿ ಅಪ್ಪ! ಗೋಡೆ ಹಿಡಿದು ಒಬ್ಬರೇ ನಡೆದು ಬಂದಿದ್ದರು. ಹೊದ್ದಿದ್ದ ಚಾದರ ತೊಡೆಯ ಮೇಲಿತ್ತು, ಅದರ ಮೇಲೆ ಮೇಷ್ಟ್ರ ಶರ್ಟು. ಅವಳ ಸೂಜಿಯನ್ನೇ ಎತ್ತಿಕೊಂಡು ಗುಂಡಿ ಹೊಲಿಯುತ್ತಿದ್ದರು. ಕೈ ನಡುಗುತ್ತಿತ್ತು, ಕಣ್ಣು ಮಾತ್ರ ಅಲುಗುತ್ತಿರಲಿಲ್ಲ.

ಕಿತ್ತುಕೊಳ್ಳಲು ಅವಳ ಕೈ ಮುಂದೆ ಹೋಯಿತು... ಅಲ್ಲೇ ನಿಂತಿತು. ಆ ಕೈ ಮೆಲ್ಲಗೆ ಫೋನಿನತ್ತ ಹೊರಳಿತು.

"ಮೇಷ್ಟ್ರೇ... ನಿಮ್ಮ ಶರ್ಟ್ ರೆಡಿ ಇದೆ."

ಅವನು ಏದುಸಿರು ಬಿಡುತ್ತ ಬಂದ. ಅಪ್ಪ ಗತ್ತಿನಿಂದ ಶರ್ಟು ಎತ್ತಿದರು. ಜೊತೆಗೆ ಚಾದರವೂ ಮೇಲೆದ್ದು ಬಂತು! ಗುಂಡಿ ಶರ್ಟನ್ನೂ ಚಾದರವನ್ನೂ ಒಟ್ಟಿಗೆ ಕಚ್ಚಿ ಹಿಡಿದಿತ್ತು.

ಅವಳು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಪರವಾಗಿಲ್ಲ ಯಜಮಾನ್ರೇ," ಎಂದ ಮೇಷ್ಟ್ರು, "ಈ ಮನೆಗೆ ಬಂದ ದಿನದಿಂದ ಈ ಚಾದರ ನನ್ನನ್ನ ಬಿಟ್ಟಿಲ್ಲ."

ಅವಳು ತಲೆ ತಗ್ಗಿಸಿದಳು. "ಬರ್ಬೇಡಿ ಅಂದಿದ್ದು ನನ್ನ ಬಾಯಿ. ದಿನಾ ಗೇಟಿನ ಸದ್ದಿಗೆ ಎದ್ದು ಓಡಿದ್ದೂ ನಾನೇ..."

"ನಾನೂ ದಿನಾ ನಿಮ್ಮ ಬೀದಿ ತನಕ ಬಂದು ವಾಪಸ್ ಹೋಗ್ತಿದ್ದೆ ಮೇಡಂ."

"ಮೊದ್ಲು ಆ ಮೇಡಂ ಅನ್ನೋದನ್ನ ಬಿಡ್ತೀರಾ?"

"ಬಿಟ್ಟೆ. ಪುಟ್ಟಿ... ಈ ಮನೆ ಭಾರ ಒಂದು ಕಡೆ ನಾನು ಹಿಡ್ಕೊಳ್ಲಾ?"

"ಹೇಳದೆ ಏನೂ ಮಾಡ್ಬಾರ್ದು."

"ಹೇಳ್ತಾನೇ ಇದೀನಲ್ಲ ಈಗ!"

ಅವಳ ಕೆನ್ನೆ ರಂಗೇರಿತು. "ಅಣ್ಣ ಫೋನ್ ಮಾಡಿದ್ರೆ ಏನು ಹೇಳ್ಲಿ?"

"ಅಪ್ಪಂಗೆ ಕೈತುಂಬ ಕೆಲಸ, ಎಲ್ಲಿಗೂ ಬರಕ್ಕೆ ಪುರುಸೊತ್ತಿಲ್ಲ ಅನ್ನು," ಎಂದು ಗದರಿದರು ಅಪ್ಪ. "ನಿಮ್ಮ ಮಾತು ಆಮೇಲೆ ಆಡ್ಕೊಳಿ. ಈ ದಾರ ಕತ್ತರಿಸ್ಬೇಕು. ನನ್ನ ಕತ್ತರಿ ಎಲ್ಲಿ?"

ಅವಳು ಎದ್ದಳು. ಸೊಂಟದ ಕೀಲಿ ತೆಗೆದು ಬೀರು ತೆರೆದಳು. ಅಪ್ಪನ ಹಳೆಯ ದೊಡ್ಡ ಕತ್ತರಿಯನ್ನು ಸೆರಗಿನಿಂದ ಒರೆಸಿ, ಅವರ ಬಲಗೈಯಲ್ಲಿಟ್ಟಳು.