ರಂಗವ್ವ ಮಣ್ಣಿಗೆ ಹೋದದ್ದು

“ಮಿಡತಿ ಬ್ಯಾಡ,” ಎಂದಿತು ಯಂತ್ರ. ಸ್ವಲ್ಪ ತಡೆದು, “ಮಣ್ಣಿಗೆ ಹೋಗಬೇಕು,” ಎಂದಿತು.

ನೀಲವ್ವ ಚಿಮಟದಲ್ಲಿ ಮಿಡತೆ ಹಿಡಿದುಕೊಂಡೇ ನಿಂತಳು. ಪಂಜರದೊಳಗೆ ರಂಗವ್ವ ಒಂದು ಕಣ್ಣಿನಿಂದ ಅವಳನ್ನೂ ಇನ್ನೊಂದು ಕಣ್ಣಿನಿಂದ ಗೋಡೆಯನ್ನೂ ನೋಡುತ್ತಿದ್ದಳು. ರಂಗವ್ವ ಎಂದರೆ ಗೋಸುಂಬೆ, ತುಂಬು ಬಸುರಿ. ಕಾಡಿನ ಗೋಸುಂಬೆಯನ್ನು ಹಿಡಿದು ಸಾಕುವುದು ಆ ಕಾಲದಲ್ಲೂ ಅಪರಾಧವೇ. ಇವಳು ಪ್ರಯೋಗಾಲಯದಲ್ಲಿ ಬೆಳೆಸಿದ ತಳಿ, ಕಾಗದಪತ್ರವೆಲ್ಲ ಸರಿಯಾಗಿತ್ತು. ಬಸುರಿಗೆ ಕಾರಣ ಮೇಲಿನ ಅಂತಸ್ತಿನವರ ಗಂಡು ಗೋಸುಂಬೆ. ಯಾತ್ರೆಗೆ ಹೋಗುವಾಗ ಅವರು ಅದನ್ನು ನೀಲವ್ವನ ಮನೆಯಲ್ಲಿ ಬಿಟ್ಟುಹೋಗಿದ್ದರು. ಅಂದಿನಿಂದ ಅವರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನೀಲವ್ವನ ಗಂಡ ಸೋಮನಿಂಗಪ್ಪ “ಏನ್ರಿ ಬೀಗರ” ಎನ್ನುತ್ತಿದ್ದ. ಅವರು ನಗುತ್ತಿರಲಿಲ್ಲ.

“ಏನಂತ?” ಎಂದು ಸೋಮನಿಂಗಪ್ಪ ಪಡಸಾಲೆಯಿಂದ ಕೂಗಿದ.

“ಮಣ್ಣಿಗೆ ಹೋಗಬೇಕಂತ.”

“ಯಾರ ತೀರಿಕೊಂಡಾರ?”

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಲಪ್ರಭಾ ನಗರದ ಸೀಮೆಯಲ್ಲಿ ಮಣ್ಣಿಗೆ ಹೋಗುವುದೆಂದರೆ ಹೆಣ ಹೂಳುವಲ್ಲಿಗೆ ಹೋಗುವುದು. ಬೇರೆ ಮಣ್ಣು ಆ ನಗರದಲ್ಲಿ ಇರಲೂ ಇಲ್ಲ. ಕೆಂಪು ಧೂಳಿನಲ್ಲಿ ಕೆಮ್ಮಿ ಕೆಮ್ಮಿ ಸಾಕಾದ ಹಿಂದಿನವರು ಧೂಳುಮುಕ್ತ ಕಾಯಿದೆ ತಂದು, ಇಡೀ ಊರಿಗೆ ಹೊಳೆಯುವ ನೆಲಹಾಸು ಬಡಿದಿದ್ದರು. ಗಿಡಗಳು ನೀರಿನ ಕೊಳವೆಗಳಲ್ಲಿ ಬೇರುಬಿಟ್ಟು ಸುಖವಾಗಿಯೇ ಇದ್ದವು. ಮಕ್ಕಳ ಅಂಗಿ ಕೊಳೆಯಾಗುತ್ತಿರಲಿಲ್ಲ.

ಈಗ ಯಂತ್ರದ ವಿಷಯ. ಅದರ ಹೆಸರು ಬಯಕೆವಾಚಕ. ಗೋಸುಂಬೆಯ ಚರ್ಮದಲ್ಲಿ ಅಸಂಖ್ಯ ಬಣ್ಣಕಣಗಳಿವೆ. ಒಳಗಿನ ಸ್ಥಿತಿ ಬದಲಾದಂತೆ ಅವು ಹಿಗ್ಗುತ್ತವೆ, ಕುಗ್ಗುತ್ತವೆ. ಯಂತ್ರದ ವರ್ಣಗ್ರಾಹಿ ಕಣ್ಣು ಆ ಬದಲಾವಣೆಯನ್ನು ಓದಿ, ತನ್ನ ನುಡಿಭಂಡಾರದಿಂದ ಹೊಂದುವ ಮಾತನ್ನು ಆರಿಸಿ ಉಚ್ಚರಿಸುತ್ತದೆ. ಬಸುರಿ ಪ್ರಾಣಿಗಳ ಬಯಕೆ ತಿಳಿಯಲೆಂದೇ ಅದನ್ನು ನಿರ್ಮಿಸಿದವಳು ಡಾಕ್ಟರ್ ವೈಜಯಂತಿ ಹುಯಿಲಗೋಳ. ಪರೀಕ್ಷೆಗೆಂದು ಮೊದಲ ಯಂತ್ರವನ್ನು ಆಕೆ ನೀಲವ್ವನಿಗೆ ಕೊಟ್ಟಿದ್ದಳು. ನೀಲವ್ವ ನಡೆಸುತ್ತಿದ್ದ ಖಾನಾವಳಿಯ ಜೋಳದ ರೊಟ್ಟಿ ಆಕೆಗೆ ಮೆಚ್ಚಿಗೆಯಾಗಿದ್ದರಿಂದ ಆ ಪರಿಚಯ.

ನೀಲವ್ವನಿಗೆ ಮಕ್ಕಳಿರಲಿಲ್ಲ. ಓಣಿಯಲ್ಲಿ ಯಾರದೇ ಕುಬಸವಾಗಲಿ, ಬಸುರಿಯ ಉಡಿ ತುಂಬಲು ಹೆಂಗಸರು ಸಾಲುಗಟ್ಟಿದಾಗ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಅವಳು ಒಳಗೆ ನಿಂತು ಹೋಳಿಗೆ ಬಡಿಸುತ್ತಿದ್ದಳು. ಈ ನೋವನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ರಂಗವ್ವನ ಹೊಟ್ಟೆ ದಪ್ಪಗಾದದ್ದೇ ತಡ, ಖಾನಾವಳಿಗೆ ರಜೆ ಹಾಕಿ, ಪಂಜರಕ್ಕೆ ಹಸಿರು ಖಣ ಉಡಿಸಿ ಕುಬಸ ಮಾಡಿಯೇಬಿಟ್ಟಳು. ಎಲೆಯ ಮೇಲಿನ ಹನಿಯನ್ನಷ್ಟೇ ಕುಡಿಯುವ ಜೀವಕ್ಕೆ ಹೊತ್ತು ಹೊತ್ತಿಗೆ ನೀರು ಸಿಂಪಡಿಸಿದಳು, ಮಿಡತೆಗೆ ಸುಣ್ಣದಂಶದ ಪುಡಿ ಹಚ್ಚಿ ತಿನ್ನಿಸಿದಳು. ಅಂಗೈಯಗಲದ ಕೌದಿಯನ್ನೂ ಹೊಲಿದಳು. ಸೋಮನಿಂಗಪ್ಪ ಗೊಂಬೆಯಂಗಡಿಯಿಂದ ತೊಟ್ಟಿಲು ತಂದ.

ಹಾಗಾಗಿ ಯಂತ್ರ ಮಣ್ಣು ಎಂದಾಗ ನೀಲವ್ವನಿಗೆ ಮೊದಲು ಹೊಳೆದದ್ದು ಬಸುರಿಯರ ಮಣ್ಣು ತಿನ್ನುವ ಬಯಕೆ. ಅವಳ ಅಕ್ಕ ಮೊದಲ ಬಸುರಿನಲ್ಲಿ ಅಡುಗೆಮನೆಯ ಗೋಡೆಯನ್ನು ಅರ್ಧಕ್ಕರ್ಧ ಕೆರೆದು ತಿಂದಿದ್ದಳು. ನೀಲವ್ವ ಹಳೆಯ ಗಡಿಗೆಯ ಚೂರನ್ನು ಕುಟ್ಟಿ ಪುಡಿಮಾಡಿ ಮಿಡತೆಗೆ ಹಚ್ಚಿಕೊಟ್ಟಳು. ರಂಗವ್ವ ಮುಖ ತಿರುಗಿಸಿದಳು.

ಮರುದಿನ ರಂಗವ್ವನ ಮೈ ಕಪ್ಪಿಟ್ಟಿತು. ಟೊಂಗೆ ಬಿಟ್ಟು ಕೆಳಗಿಳಿದು ಪಂಜರದ ತಳವನ್ನು ಪರಪರ ಕೆರೆಯತೊಡಗಿದಳು. ಕೆರೆಯುವುದು, ಸುಸ್ತಾಗಿ ಕಣ್ಣು ಮುಚ್ಚುವುದು, ಮತ್ತೆ ಕೆರೆಯುವುದು. ಯಂತ್ರ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಲೇ ಇತ್ತು. ನೀಲವ್ವ ಡಾಕ್ಟರಿಗೆ ಹೇಳಿಕಳಿಸಿದಳು.

ವೈಜಯಂತಿ ಬಂದು ಯಂತ್ರವನ್ನು ಬಿಚ್ಚಿ ನೋಡಿ ಮತ್ತೆ ಮುಚ್ಚಿದಳು.

“ಯಂತ್ರ ಕೆಟ್ಟಿಲ್ರಿ ನೀಲವ್ವಾರ. ಆದ್ರ ಅದು ಆಡೂ ಮಾತು ಅದರದಲ್ಲ, ನಮ್ಮದು. ಹೊಳಿ ದಂಡಿ ಹಳ್ಳಿಯ ಬಸುರಿ ಹೆಣ್ಮಕ್ಕಳು ಆಡಿದ್ದನ್ನ ಕೂಡಿಸಿ ಇಟ್ಟೇವಿ. ಗೋಸುಂಬಿ ಬಣ್ಣಕ್ಕ ಯಾವ ಮಾತು ಸಮೀಪ ಬರತೈತಿ, ಅದನ್ನ ಹೇಳತೈತಿ.”

“ಹಂಗಾರ ಇಕಿ ಸಾಯ್ತೀನಿ ಅನ್ನಾಕತ್ತಾಳೇನ್ರಿ? ನನ್ನ ಹೂಳ್ರಿ ಅಂತಾಳೇನು?”

“ಅದು ನನಗ ತಿಳಿಯೂದಿಲ್ರಿ. ನಾ ಬಣ್ಣ ಓದಿದಾಕಿ, ಪ್ರಾಣಿ ಓದಿದಾಕಿ ಅಲ್ಲ.”

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. “ಎಲ್ಲಾ ತಯಾರ ಮಾಡೇನ್ರಿ ಡಾಕ್ಟರಬಾಯಾರ. ತೊಟ್ಟಿಲಾ ಕಟ್ಟೇನಿ, ಕೌದಿ ಹೊಲದೇನಿ. ಇನ್ನೇನ ಕಡಿಮಿ ಆತು ಇಕಿಗೆ?”

ವೈಜಯಂತಿ ತೊಟ್ಟಿಲನ್ನು ನೋಡಿದಳು. ಕೌದಿಯನ್ನು ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಇದು ಮರೀನ ಹಾಕತೈತೇನ್ರಿ?”

ನೀಲವ್ವ ಗಂಡನ ಮುಖ ನೋಡಿದಳು.

“ಬಸುರಿ ಅಂದಮ್ಯಾಲ...” ಎಂದು ಶುರುಮಾಡಿದ ಸೋಮನಿಂಗಪ್ಪ ಅಲ್ಲಿಗೇ ನಿಲ್ಲಿಸಿದ. ಬಸುರಿ ಎಂಬ ಒಂದೇ ಮಾತು ಗಂಡಹೆಂಡಿರಿಬ್ಬರನ್ನೂ ತೊಟ್ಟಿಲ ಅಂಗಡಿಯವರೆಗೆ ಕರೆದೊಯ್ದಿತ್ತು. ವೈಜಯಂತಿ ವಿಶ್ವಕೋಶ ತೆರೆದು ಓದಿದಳು. ಈ ಜಾತಿಯ ಗೋಸುಂಬೆ ಮೊಟ್ಟೆ ಇಡುತ್ತದೆ. ದಿನ ತುಂಬಿದಾಗ ಮರದಿಂದಿಳಿದು ಹಸಿಮಣ್ಣಿನಲ್ಲಿ ಬಿಲ ತೋಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಮಣ್ಣು ಸಿಗದಿದ್ದರೆ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ತಡೆದುಕೊಳ್ಳುತ್ತದೆ. ಬಹಳ ತಡೆದರೆ ಸಾಯುತ್ತದೆ. ಬಿಲ ತೋಡುವ ಆಸೆಗೆ ನಮ್ಮ ಹೆಣ್ಣುಮಕ್ಕಳಲ್ಲಿ ಮಾತಿಲ್ಲವಾದ್ದರಿಂದ ಯಂತ್ರ ತನಗೆ ಸಿಕ್ಕಿದ್ದರಲ್ಲಿ ಹತ್ತಿರದ್ದನ್ನು ಹೆಕ್ಕಿತ್ತು.

“ಅಯ್ಯ ನನ್ನ ಕರ್ಮ,” ಎಂದು ನೀಲವ್ವ ಎದ್ದಳು. “ಅಕಿ ಸರಿಯಾಗೇ ಹೇಳಿದ್ಲು. ನಾವ ತಿಳಿಗೇಡಿಗಳು. ನಡೀರಿ, ಮಣ್ಣಿಗೆ ಹೋಗೂಣು.”

ಊರಿನಲ್ಲಿ ನೆಲಹಾಸಿಲ್ಲದ ಜಾಗ ಒಂದೇ, ರುದ್ರಭೂಮಿ. ಕಾಯಿದೆ ಬಂದಾಗ ಹಿರಿಯರೆಲ್ಲ ಅಲ್ಲಿ ಕೂತು, ಹೆಣವನ್ನು ನೆಲಹಾಸಿನ ಫರಸಿಯೊಳಗೆ ಹೇಗೆ ಇಡುತ್ತೀರಿ ಎಂದು ಕೇಳಿದ್ದರು. ಹಾಗಾಗಿ ಅಷ್ಟು ಮಣ್ಣು ಉಳಿದಿತ್ತು. ಒಂದು ಷರತ್ತು: ಅದು ಗೇಟಿನಾಚೆ ಹೋಗಕೂಡದು.

ಕಾವಲುಗಾರ ಮಡಿವಾಳಪ್ಪ ಹಸಿರು ಖಣ ಉಡಿಸಿದ ಪಂಜರವನ್ನು ನೋಡಿದ.

“ಯಾರದ್ರಿ ಮಣ್ಣು?”

“ಯಾರದೂ ಅಲ್ಲಪ್ಪ. ಹೆರಿಗಿ.”

“ಹೆರಿಗಿಗೆ ಇಲ್ಲಿ ಜಾಗ ಇಲ್ರಿ ಯಕ್ಕಾ.”

“ಇಲ್ಲಷ್ಟ ಐತಿ. ಊರಾಗ ಎಲ್ಲೂ ಇಲ್ಲ.”

“ಮಣ್ಣು ಹೊರಗ ಬಿಡಂಗಿಲ್ಲ, ಕಾಯಿದೆ ಐತಿ.”

“ಹೊರಗ ಯಾರ ಒಯ್ತಾರೋ ತಮ್ಮಾ? ನಾವ ಒಳಗ ಬರತೀವಿ. ಮಣ್ಣಾಗ ಇಡೂದು ಇಡತೀವಿ, ಮುಚ್ಚತೀವಿ, ಹೋಗತೀವಿ. ಉಳಿದೋರು ಏನ ಮಾಡ್ತಾರ, ನಾವೂ ಅದನ್ನ ಮಾಡ್ತೀವಿ.”

ಮಡಿವಾಳಪ್ಪ ಯೋಚಿಸಿದ. ಇದರಲ್ಲಿ ಕಾಯಿದೆ ಎಲ್ಲಿ ಮುರಿಯುತ್ತದೆಂದು ಅವನಿಗೆ ಹೊಳೆಯಲಿಲ್ಲ. ಗೇಟು ತೆಗೆದ.

ಬೇಲಿಯ ಬದಿಗೆ ನೀರು ಚಿಮುಕಿಸಿ ನೆಲ ಹದಮಾಡಿ ರಂಗವ್ವನನ್ನು ಬಿಟ್ಟರು. ಅವಳು ಅಗೆದಳು. ಮೊದಲು ಕೈ, ಆಮೇಲೆ ತಲೆ, ಕೊನೆಗೆ ಬಾಲವೂ ಮಣ್ಣಿನಲ್ಲಿ ಮರೆಯಾಯಿತು. ನೀಲವ್ವ ಬಿಲದ ಪಕ್ಕದಲ್ಲೇ ಕೂತಳು. ರಂಗವ್ವ ಉಳಿಯುತ್ತಾಳೋ ಇಲ್ಲವೋ ಎಂಬ ಭಯದಲ್ಲಿ ಅವಳು ಹೊರದ ಹರಕೆಯಿಲ್ಲ. ಹೊತ್ತು ಇಳಿಯುವಾಗ ರಂಗವ್ವ ಹೊರಬಂದಳು. ಹೊಟ್ಟೆ ಬತ್ತಿತ್ತು, ಮುಖಕ್ಕೆಲ್ಲ ಕೆಮ್ಮಣ್ಣು ಮೆತ್ತಿತ್ತು. ಬಿಲ ಮುಚ್ಚಿ ಕಾಲಿನಿಂದ ತಟ್ಟಿ ಸಮಮಾಡಿ, ನೀಲವ್ವನ ಕೈಯ ಎಲೆಯ ಮೇಲಿನ ನೀರನ್ನು ಗಟಗಟ ಕುಡಿದಳು.

“ಮಿಡತಿ,” ಎಂದಿತು ಯಂತ್ರ.

ನೀಲವ್ವ ನಗುತ್ತ ಅತ್ತಳು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ, ವೈಜಯಂತಿಯಂತೂ ಎಣಿಸಿರಲಿಲ್ಲ. ಪರೀಕ್ಷೆ ಯಶಸ್ವಿಯಾಯಿತೆಂದು ಆಕೆ ಯಂತ್ರವನ್ನು ಊರಿಗೆಲ್ಲ ಹಂಚಿದಳು. ಕೂದಲಿದ್ದ ಪ್ರಾಣಿಗಳಿಗೆ ಬೇರೆ ಸಂವೇದಕ ಜೋಡಿಸಿದಳು. ಎತ್ತರದ ಅಂತಸ್ತುಗಳ ಗಬ್ಬದ ಮೊಲ, ಗಬ್ಬದ ನಾಯಿ, ಮೊಟ್ಟೆ ಹೊತ್ತ ಓತಿ ಎಲ್ಲವೂ ಒಂದೇ ಮಾತು ಹೇಳಿದವು. ರುದ್ರಭೂಮಿಯ ಗೇಟಿಗೆ ಬುಟ್ಟಿ ಹಿಡಿದವರ ಸಾಲು ಹತ್ತಿತು. ಜೊತೆಗೆ ಬಂದ ಮಕ್ಕಳು ಅಂಗಿ ಕೊಳೆ ಮಾಡಿಕೊಂಡರು. ಒಬ್ಬ ಬಸುರಿ ಹೆಣ್ಣುಮಗಳೂ ಬಂದು ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ಸುಮ್ಮನೆ ಕೂತಳು. ಅವಳ ಬಳಿ ಯಂತ್ರವಿರಲಿಲ್ಲ. ಮಡಿವಾಳಪ್ಪ ತಾನೇ ಒಂದು ಫಲಕ ಬರೆದು ನಿಲ್ಲಿಸಿದ: ಹೆರಿಗೆಯವರು ಎಡಕ್ಕೆ, ಮಣ್ಣಿನವರು ಬಲಕ್ಕೆ.

ತಿಂಗಳುಗಳು ಕಳೆದು ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಬೇಲಿಯ ಬದಿಯ ನೆಲ ಅಲ್ಲಾಡಿತು. ಉಗುರಿನಷ್ಟು ಮರಿಗಳು ಒಂದರ ಹಿಂದೊಂದು ಮೇಲೆದ್ದವು. ನೀಲವ್ವ ಮಕ್ಕಳನ್ನು ತೋರಿಸಲು ರಂಗವ್ವನನ್ನೂ ತಂದಿದ್ದಳು. ರಂಗವ್ವ ಎರಡೂ ಕಣ್ಣು ಒಂದೇ ಕಡೆ ತಿರುಗಿಸಿ ದೀರ್ಘವಾಗಿ ನೋಡಿದಳು.

“ಮಿಡತಿಕಿಂತ ಛಲೋ ಅದಾವ,” ಎಂದಿತು ಯಂತ್ರ.

ನೀಲವ್ವ ಪಂಜರವನ್ನು ಆಚೆ ಮುಖ ಮಾಡಿ ಇಟ್ಟಳು.

ಮರಿಗಳಿಗೆ ದಾರಿಯಾಚೆಯ ಹೊಂಗೆ ಗಿಡ ಬೇಕಾಗಿತ್ತು. ಗೋಸುಂಬೆಯ ನಡಿಗೆ ಎಲ್ಲರಿಗೂ ಗೊತ್ತು: ಕಾಲೆತ್ತುವುದು, ತೂಗುವುದು, ಮುಂದಿಡಲೋ ಬೇಡವೋ ಎಂದು ಹಿಂದೆ ಸರಿಯುವುದು. ಇವು ನಡುದಾರಿಗೆ ಬರುವಷ್ಟರಲ್ಲಿ ಗೇಟಿನ ಕಡೆಯಿಂದ ಭಜನೆ, ತಾಳ ಕೇಳಿಸಿತು. ತೀರಿಕೊಂಡ ಒಬ್ಬ ಮುದುಕಿಯನ್ನು ಹೂವಿನ ವಿಮಾನದ ಚಟ್ಟದಲ್ಲಿ ಕೂಡಿಸಿಕೊಂಡು ಮಣ್ಣಿಗೆ ತರುತ್ತಿದ್ದರು. ಮಡಿವಾಳಪ್ಪ ಕೈ ಅಡ್ಡ ಮಾಡಿ ಓಡಿದ. ಭಜನೆ ನಿಂತಿತು. ಹೆಗಲು ಕೊಟ್ಟಿದ್ದ ಮಗ ಬಗ್ಗಿ ನೆಲ ನೋಡಿದ. ಅವನ ಕಣ್ಣುಗಳು ಕೆಂಪಾಗಿದ್ದವು.

“ಯಾರ ಮಕ್ಕಳ್ರಿ ಇವು?”

“ನನ್ನೂವಪ್ಪ,” ಎಂದಳು ನೀಲವ್ವ.

ಅವನು ಹಿಂದಿನವರಿಗೆ ಸನ್ನೆ ಮಾಡಿದ. ವಿಮಾನವನ್ನು ಮೆಲ್ಲಗೆ ಇಳಿಸಿದರು. ಮುದುಕಿ ವಿಭೂತಿ ಹಚ್ಚಿಕೊಂಡು, ನೋಡಲು ಬಂದವಳಂತೆಯೇ ಕೂತಿದ್ದಳು.

“ದಾಟಲಿ ತಗೋರಿ,” ಎಂದ ಮಗ. “ನಮ್ಮವ್ವಗ ಈಗೇನೂ ಅವಸರ ಇಲ್ಲ.”