ಸೋರದ ಬೋಗಿ

ಬೋಗಿ ಎಲ್ಲಾದರೂ ಒಂದು ಕಡೆ ಸೋರಲಿ ಎಂದು ಟೈಲರಮ್ಮ ಬೆಳಗಿನಿಂದ ಮನಸ್ಸಿನಲ್ಲೇ ಹಾರೈಸುತ್ತಿದ್ದಳು. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹಳೆಯ ಮರದ ಬೋಗಿಯನ್ನು ಭಾನುವಾರ ಭಾನುವಾರ ಬಂದು, ಕೂಲಿಯಿಲ್ಲದೆ, ಪ್ರೀತಿಯಿಂದ ರಿಪೇರಿ ಮಾಡಿದವರ ನಡುವೆ ನಿಂತು ಅಂಥ ಮಾತಾಡಿದರೆ ಕೇಳಿದವರು ಸುಮ್ಮನೆ ಬಿಟ್ಟಾರೆಯೇ?

ಅದು ನೀರಿನ ಪರೀಕ್ಷೆಯ ದಿನ. ಶೆಡ್ಡಿನ ಹೊರಗೆ ಬೋಗಿ ನಿಲ್ಲಿಸಿ, ಕಿಟಕಿ ಬಾಗಿಲು ಮುಚ್ಚಿ, ಮೇಲಿನಿಂದ ಪೈಪಿನಲ್ಲಿ ನೀರು ಬಿಡುವುದು. ಒಳಗೆ ಇಬ್ಬರು ಸೀಮೆಸುಣ್ಣ ಹಿಡಿದು ಕೂತು, ಎಲ್ಲಿ ಹನಿ ಒಸರುತ್ತದೋ ಅಲ್ಲೊಂದು ಸೊನ್ನೆ ಸುತ್ತಬೇಕು. ಒಂದೇ ಒಂದು ಸೊನ್ನೆ ಬಿದ್ದರೂ ಬೋಗಿ ಮತ್ತೆ ಶೆಡ್ಡಿಗೆ. ಬೀಳದಿದ್ದರೆ ಜನರನ್ನು ಕೂರಿಸಿಕೊಂಡು ಓಡುತ್ತದೆ.

ಓಡಲಿ, ಪಾಪ. ಆದರೆ ಶೆಡ್ಡಿನಲ್ಲಿ ಅದರ ಜಾಗಕ್ಕೆ ರಿಪೇರಿಗೆ ಬರುತ್ತಿದ್ದುದು ಕಲ್ಲಿದ್ದಲು ಸಾಗಿಸುವ ಗೂಡ್ಸ್ ವ್ಯಾಗನ್. ಅದಕ್ಕೆ ಯಾರು ಸೀಟು ಹೊಲಿಸುತ್ತಾರೆ? ಹೊಲಿಗೆಯಿಲ್ಲದ ಕಡೆ ಟೈಲರಿಗೇನು ಕೆಲಸ?

ಬೆಳಿಗ್ಗೆ ಅವಳು ಮನೆಯಿಂದ ಹೊರಡುವಾಗಲೇ ಅಕ್ಕ ಚುಚ್ಚಿದ್ದಳು. "ರೈಲಿಗೆ ಹೊಲಿಯೋಕೆ ಹೋಗ್ತಿದೀಯೋ, ರೈಲನ್ನೇ ಮದುವೆ ಆಗೋಕೆ ಹೋಗ್ತಿದೀಯೋ? ಎಷ್ಟು ಹೊತ್ತೇ ಕನ್ನಡಿ ಮುಂದೆ!"

"ಅಲ್ಲಿ ಧೂಳು ಕಣಕ್ಕ. ತಲೆ ನೀಟಾಗಿ ಬಾಚ್ಕೊಂಡು ಹೋಗ್ಬೇಕು."

"ಧೂಳಿಗೆ ಹೋಗೋರು ತಲೆಗೆ ಬಟ್ಟೆ ಕಟ್ಕೋತಾರೆ. ಹೂಂ, ನಡಿ ನಡಿ."

ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನು ಹಾಕಿಕೊಂಡವಳು ಅವಳು. ಊರಿನವರ ಸೊಂಟ, ತೋಳು, ಭುಜದ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಅವಳ ಮನಸ್ಸಿನ ಅಳತೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಹಲ್ಲು ಡಾಕ್ಟ್ರು ಸಿಗುವವರೆಗೆ.

ಸಿಕ್ಕಿದ್ದಾದರೂ ಹೇಗೆ! ಸೀಟಿನ ಅಳತೆ ತೆಗೆಯಲು ಮೊದಲ ಸಲ ಬೋಗಿ ಹತ್ತಿದಾಗ, ಸೀಟಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಒಳಗಿನಿಂದ ಪಿಸುಮಾತು: "ಸ್ವಲ್ಪ ಬಾಯಿ ಅಗಲಿಸಿ... ಹಾಂ, ನೋವಾಗಲ್ಲ." ಅವಳು ಕಳ್ಳ, ಕಳ್ಳ ಎಂದು ಕೂಗಿ ಇಡೀ ಶೆಡ್ಡನ್ನು ಸೇರಿಸಿಬಿಟ್ಟಿದ್ದಳು. ಕೈಯಲ್ಲಿ ಪುಟ್ಟ ಕನ್ನಡಿ, ಕೊಕ್ಕೆ ಹಿಡಿದು ತೆವಳಿಕೊಂಡು ಹೊರಬಂದವನು ತಲೆತುಂಬ ಜೇಡರ ಬಲೆ ಹೊತ್ತ, ಐವತ್ತರ ಆಸುಪಾಸಿನ ಒಂಟಿ ಮನುಷ್ಯ. ಮರದ ಬಿರುಕು ತುಂಬುತ್ತಿದ್ದನಂತೆ. "ಕ್ಷಮಿಸಿ, ಕ್ಲಿನಿಕ್ಕಿನ ಅಭ್ಯಾಸ," ಎಂದಿದ್ದ.

ಅಂದಿನಿಂದ ಪ್ರತಿ ಭಾನುವಾರ ಸಂಜೆ ಅವಳು ಹೊರಟಾಗ ಡಾಕ್ಟ್ರು ತನ್ನ ಕುತ್ತಿಗೆ ಮುಟ್ಟಿ ತೋರಿಸಿ "ಸೂಜಿ" ಎನ್ನುತ್ತಿದ್ದ. ಕೆಲಸದ ನಡುವೆ ಕಾಲರಿಗೆ ಸಿಕ್ಕಿಸಿದ ಸೂಜಿಯನ್ನು ಅವಳು ಮರೆಯುತ್ತಿದ್ದಳು. ಮೊದಮೊದಲು ನಿಜವಾಗಿಯೂ ಮರೆವು. ಆಮೇಲೆ, ಆ ಒಂದು ಮಾತು ಕೇಳದೆ ಮನೆಗೆ ಹೋಗಲು ಮನಸ್ಸಾಗದೆ, ಬೇಕೆಂದೇ ಬಿಡುತ್ತಿದ್ದಳು.

"ಟೈಲರಮ್ಮ, ಒಳಗೆ ನೀವು ಹೋಗಿ. ನಿಮ್ಮ ಕಣ್ಣು ಚುರುಕು," ಎಂದರು ಗಾರ್ಡ್ ತಾತ. ರೈಲ್ವೆಯಿಂದ ನಿವೃತ್ತರಾದರೂ ಕೊರಳಿನ ಸೀಟಿ ಬಿಡದ ಅವರೇ ಶೆಡ್ಡಿನ ಯಜಮಾನರು. "ಜೊತೆಗೆ ಡಾಕ್ಟ್ರು ಹೋಗ್ಲಿ. ತಾವು ಮುಚ್ಚಿದ ತೂತು ತಾವೇ ನೋಡ್ಕೊಳ್ಲಿ."

ಬಾಗಿಲು ಮುಚ್ಚಿತು. ತಾತ ಸೀಟಿ ಊದಿದರು. ಮೇಲೆ ದಬದಬನೆ ನೀರು ಬಿತ್ತು.

ಗಾಜಿನ ಮೇಲೆ ನೀರು ಪರದೆಯಂತೆ ಇಳಿದು ಹೊರಗಿನ ಜನ ಕರಗಿಹೋದರು. ಅವಳೇ ಹೊಲಿದ ಹಸಿರು ಸೀಟು, ಹೊಸ ವಾರ್ನಿಶ್ ವಾಸನೆ, ಎದುರಿಗೆ ಮೊಣಕಾಲು ತಾಗದಂತೆ ಎಚ್ಚರದಿಂದ ಕೂತ ಡಾಕ್ಟ್ರು. ಇಬ್ಬರೂ ತಲೆಯೆತ್ತಿ ಚಾವಣಿ ನೋಡತೊಡಗಿದರು.

"ನಿಮ್ಮ ಕಡೆ?" ಎಂದ ಅವನು.

"ಏನಿಲ್ಲ. ನಿಮ್ಮ ಕಡೆ?"

"ಒಂದು ಹನಿಯೂ ಇಲ್ಲ."

"ಮತ್ತೆ ಮುಖ ಯಾಕೆ ಹಾಗಿದೆ? ಗೆದ್ದಿದೀರಲ್ಲ ಡಾಕ್ಟ್ರೇ."

"ಹೂಂ. ಗೆದ್ದೆ," ಎಂದ, ಸೋತವನ ದನಿಯಲ್ಲಿ.

ಅವಳು ಎದ್ದು ಕಿಟಕಿಯ ಸಂದುಗಳಲ್ಲಿ ಬೆರಳಾಡಿಸಿದಳು. ಮೂಲೆ ಮೂಲೆ ತಡಕಿದಳು. ಎಲ್ಲ ಒಣ ಒಣ. ಇಷ್ಟು ಚೆನ್ನಾಗಿ ಯಾಕೆ ಕೆಲಸ ಮಾಡಬೇಕಿತ್ತು ಈ ಮನುಷ್ಯ! ತಿರುಗಿ ನೋಡಿದರೆ, ಡಾಕ್ಟ್ರು ಸೀಟಿನ ಮೇಲೆ ಹತ್ತಿ ನಿಂತು ದೀಪದ ಪಕ್ಕದ ಹಲಗೆಗೆ ದುಂಡಗೆ ಒಂದು ಸೊನ್ನೆ ಸುತ್ತುತ್ತಿದ್ದ.

ಅವಳೂ ಹತ್ತಿ ಮುಟ್ಟಿ ನೋಡಿದಳು. "ಇಲ್ಲಿ ಒಣಗಿದೆಯಲ್ಲ!"

"ಈಗ ಒಣಗಿದೆ. ಮುಂದೆ ಸೋರಬಹುದು."

"ಡಾಕ್ಟ್ರೇ."

"ಅನುಭವದ ಮೇಲೆ ಹೇಳ್ತಿದೀನಿ. ಕೆಲವು ಹಲ್ಲು ಹೊರಗೆ ಚೆನ್ನಾಗೇ ಕಾಣುತ್ತೆ..."

"ಡಾಕ್ಟ್ರೇ, ನನ್ನ ಮುಖ ನೋಡಿ ಹೇಳಿ."

ಅವನು ನೋಡಿದ. ಕಿವಿಯ ತುದಿ ಕೆಂಪಾಗಿತ್ತು. ಊರಿನವರ ಬಾಯಿ ತೆರೆಸುವವನಿಗೆ ತನ್ನ ಬಾಯಿ ತೆರೆಯಲು ಇಷ್ಟು ಹೊತ್ತು ಬೇಕಾಯಿತು.

"ಬೋಗಿ ಪಾಸಾದ್ರೆ ನೀವು ಬರಲ್ಲ," ಎಂದ. "ವ್ಯಾಗನ್ನಿಗೆ ಟೈಲರು ಬೇಡ ಅಂತ ತಾತ ಹೇಳಿದ್ರು. ಆಮೇಲೆ ಭಾನುವಾರ ಇಟ್ಕೊಂಡು ನಾನೇನು ಮಾಡ್ಲಿ?"

ಮೇಲೆ ನೀರು ಸುರಿಯುತ್ತಲೇ ಇತ್ತು. ನಗುವೂ ಅಳುವೂ ಒಟ್ಟಿಗೆ ಬಂದು ಅವಳಿಗೆ ಏನು ಮಾಡಬೇಕೋ ತೋಚಲಿಲ್ಲ. ಒಂದು ಸೊನ್ನೆ ಉಳಿಸಿಕೊಂಡರೆ ಸಾಕು, ಇನ್ನಷ್ಟು ಭಾನುವಾರ ಸಿಗುತ್ತವೆ. ಅದೂ ಮುಗಿಯುತ್ತದೆ. ಮತ್ತೆ ಯಾವ ಸೊನ್ನೆ ಹುಡುಕುವುದು? ಈ ವಯಸ್ಸಿನಲ್ಲೂ ಒಬ್ಬರನ್ನೊಬ್ಬರು ನೋಡಲು ನೆಪ ಬೇಕೇ?

ಅವಳು ಅಂಗೈಯಿಂದ ಆ ಸೊನ್ನೆಯನ್ನು ಅಳಿಸಿದಳು. ಡಾಕ್ಟ್ರ ಮುಖ ಬಿಳಿಚಿಕೊಂಡಿತು.

"ಸುಳ್ಳು ಹೇಳಿ ಬೋಗಿ ನಿಲ್ಲಿಸೋದು ಬೇಡ," ಎಂದಳು. "ಕೆಲಸ ಇದ್ರೇನೇ ಬರ್ಬೇಕಾ? ಹಾಗೇ ಬನ್ನಿ. ಮನೆಗೆ. ಅಕ್ಕನ ಹತ್ರ ಬಂದು ಕೇಳಿ."

"ಅಕ್ಕನ ಹತ್ರ... ಏನಂತ ಕೇಳ್ಲಿ?"

"ಹಲ್ಲು ತೋರಿಸಿ ಅಂತ ಕೇಳಿ! ಅಯ್ಯೋ, ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಅವನು ನಕ್ಕ. ಮುಚ್ಚುಮರೆಯಿಲ್ಲದ, ಹುಡುಗನಂಥ ನಗು. ಅವಳ ಕೈ ಹಿಡಿದು ಸೀಟಿನಿಂದ ಇಳಿಸಿದವನು, ಇಳಿದ ಮೇಲೂ ಬಿಡಲಿಲ್ಲ. ಅಂಗೈಯ ಸೀಮೆಸುಣ್ಣ ಇಬ್ಬರಿಗೂ ಮೆತ್ತಿಕೊಂಡಿತು.

ನೀರಿನ ಸದ್ದು ನಿಂತಿತು. ಹೊರಗಿನಿಂದ ತಾತನ ದನಿ: "ಏನ್ರಮ್ಮಾ, ಎಲ್ಲಾದ್ರೂ ಸೋರ್ತಾ?"

"ಎಲ್ಲೂ ಇಲ್ಲ ತಾತ!" ಎಂದು ಅವಳು ಕೂಗಿದಳು. ಮಸುಕಾದ ಗಾಜು ಆಗಲೇ ತಿಳಿಯಾಗತೊಡಗಿತ್ತು. ಡಾಕ್ಟ್ರ ಕಡೆ ಒಮ್ಮೆ ನೋಡಿ, ಇನ್ನೂ ಜೋರಾಗಿ ಕೂಗಿದಳು:

"ಆದ್ರೂ ಇನ್ನೊಂದು ಸ್ವಲ್ಪ ಹೊತ್ತು ನೀರು ಬಿಡಿ!"