ಮೂರು ಚುಕ್ಕಿ ನುಂಗಿದ ಮಾತು

ಗ್ರಂಥಾಲಯದ ಮೇಜುಗಳ ಧೂಳು ಒರೆಸಿ ಇನ್ನೂ ಮುಗಿದಿರಲಿಲ್ಲ, ವಸತಿಶಾಲೆಯ ಅಡುಗೆಯಣ್ಣ ಏದುಸಿರು ಬಿಡುತ್ತಾ ಒಳಗೆ ನುಗ್ಗಿದ. ಆರಡಿ ಆಳು, ಕಣ್ಣ ತುಂಬ ನೀರು.

"ದೊಡ್ಡಮ್ಮಾ, ಸಂಜೆಯೊಳಗೆ ಅಡುಗೆಮನೆ ಬೀಗದ ಕೈ ಕೊಟ್ಟು ಹೋಗು ಅಂದಿದ್ದಾರೆ ಹೆಡ್‌ಮೇಡಂ. ದೇವರಾಣೆ, ನಾನು ಯಾರಿಗೂ ವಿಷ ಹಾಕಿಲ್ಲ!"

ದೊಡ್ಡಮ್ಮ ನನ್ನ ತಾಯಿಯ ಅಕ್ಕ, ಆದರೆ ಊರಿಗೆಲ್ಲ ಅವಳು ದೊಡ್ಡಮ್ಮನೇ. ಊರಿನ ಹಳೆಯ ಪತ್ರಿಕೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಯಾರು ಬೇಕಾದರೂ ಹುಡುಕುವಂತೆ ಮಾಡಿದವಳು. ಯಾರಿಗೆ ಏನೇ ಎಡವಟ್ಟಾದರೂ ಪೊಲೀಸರಿಗಿಂತ ಮುಂಚೆ ಅವಳ ಮೇಜಿಗೆ ಬರುತ್ತದೆ. ನಾನು ಅವಳ ಸಹಾಯಕಿ. ಚಹಾ ತರುವವಳೂ ನಾನೇ, ಬೈಸಿಕೊಳ್ಳುವವಳೂ ನಾನೇ.

ಊಟದ ಕೋಣೆಯ ಬಾಗಿಲಿಗೆ ಯಾರೋ ಅಂಟಿಸಿದ್ದ ಹಾಳೆಯನ್ನು ಅವನು ಮುಂದಿಟ್ಟ. ನಮ್ಮದೇ ಪ್ರಿಂಟರಿನದು, ಅದು ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೇ ಅಚ್ಚೊತ್ತುತ್ತದೆ. ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಇದ್ದದ್ದು ಇಷ್ಟೇ: "ಶಾಲೆಯ ಅಡುಗೆಯವ... ವಿಷ... ಮಕ್ಕಳು". ಕೆಳಗೆ ಹಳೆಯ ಪತ್ರಿಕೆಯೊಂದರ ದಿನಾಂಕ.

"ಈ ಚುಕ್ಕಿಗಳೊಳಗೆ ಏನಿದೆ ಅಂತ ಯಾರಾದ್ರೂ ನೋಡಿದ್ರಾ?" ದೊಡ್ಡಮ್ಮ ಕೇಳಿದಳು.

"ಯಾರು ನೋಡ್ತಾರಮ್ಮ? ಪೇಪರಲ್ಲಿ ಬಂದಿದೆಯಂತೆ, ಅಷ್ಟೇ ಸಾಕಾಯ್ತು."

"ನಿನ್ನ ಕಂಡ್ರೆ ಆಗದವರು?"

"ಗಣಿತದ ಮೇಷ್ಟ್ರು ಊಟ ತಡ ಅಂತ ದಿನಾ ಕೂಗಾಡ್ತಾರೆ. ವಾರ್ಡನ್ ಸಾಹೇಬ್ರು ಪಾಪ, ಬಿಪಿ ಇರೋದ್ರಿಂದ ಉಪ್ಪಿಲ್ಲದ ಅಡುಗೆ ಹಾಕಿದ್ರೂ ಕೋಪ ಮಾಡ್ಕೊಳ್ಳಲ್ಲ. ಅವರ ಹೆಂಡತಿ ನನ್ನ ಕೈಲಿ ಮಾತು ತಗೊಂಡು ಮಾಡಿಸ್ತಿರೋದು."

ಅಷ್ಟರಲ್ಲಿ ಗಡಿಯಾರ ರಿಪೇರಿಯ ಅಜ್ಜ ಕೋಲು ಕುಟ್ಟುತ್ತಾ ಬಂದರು. "ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ ಕಣಮ್ಮ! ನಿನ್ನೆ ನಮ್ಮಪ್ಪನ ಅಂಗಡಿ ಸುದ್ದಿ ಹುಡುಕೋಣ ಅಂತ 'ಗಡಿಯಾರ', 'ಅಂಗಡಿ' ಅಂತ ಒತ್ತಿದ್ರೆ, ಊರಿನ ಸುದ್ದಿನೆಲ್ಲ ತಂದು ಸುರೀತು. ಅಕ್ಷರಗಳೋ, ಒಂದು ಸಾಲಿಗೆ ಪರದೆನೇ ಸಾಲ್ತಿರಲಿಲ್ಲ!"

ನಾನು ಜಗಳಕ್ಕೆ ಅಣಿಯಾದೆ. ದೊಡ್ಡಮ್ಮ ಮಾತ್ರ ಅಜ್ಜನಿಗೆ ಕೈಮುಗಿದು, "ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದವಳೇ ಕಂಪ್ಯೂಟರಿನ ಮುಂದೆ ಕೂತಳು.

ಮಧ್ಯಾಹ್ನ ದೊಡ್ಡಮ್ಮ, ನಾನು, ಅಡುಗೆಯಣ್ಣ ಮೂವರೂ ಶಾಲೆಗೆ ಹೋದೆವು. ಹೆಡ್‌ಮೇಡಂ ಕೋಣೆಯಲ್ಲಿ ವಾರ್ಡನ್ ಹಾಜರಿ ಪುಸ್ತಕವನ್ನು ತೋಳುದ್ದ ದೂರ ಹಿಡಿದು ನೋಡುತ್ತಿದ್ದರು. ಗಣಿತದ ಮೇಷ್ಟ್ರು ದಪ್ಪ ಕನ್ನಡಕದೊಳಗಿಂದ ನಮ್ಮನ್ನು ದುರುಗುಟ್ಟಿದರು. ಅಡುಗೆಯಣ್ಣ ಬೀಗದ ಕೈಯನ್ನು ಹೆಡ್‌ಮೇಡಂ ಮುಂದಿಟ್ಟು ಹಿಂದೆ ಸರಿದು ಬಾಗಿಲಲ್ಲೇ ನಿಂತ.

ದೊಡ್ಡಮ್ಮ ಪತ್ರಿಕೆಯ ಇಡೀ ಪುಟದ ಪ್ರತಿಯನ್ನು ಮೇಜಿನ ಮೇಲೆ ಹರಡಿದಳು. "ಮೇಷ್ಟ್ರೇ, ಓದಿ."

ಮೇಷ್ಟ್ರು ಓದಿದರು. ಮೇಲಿನ ಸುದ್ದಿ, ಶಾಲೆಯ ಅಡುಗೆಯವನಿಗೆ ರುಚಿಯ ಅಡುಗೆಗಾಗಿ ಬಹುಮಾನ. ಅದರ ಕೆಳಗೆ ಬೇರೆಯೇ ಸುದ್ದಿ: ಗೋದಾಮಿನಲ್ಲಿ ಇಲಿಗಳಿಗೆ ವಿಷ ಇಟ್ಟಿದೆ, ಮಕ್ಕಳು ಆ ಕಡೆ ಹೋಗಬಾರದು.

"ಅಯ್ಯೋ!" ಎಂದರು ಹೆಡ್‌ಮೇಡಂ.

"ಎರಡು ಮೂರು ಪದ ಕೊಟ್ಟು, ಅವು ಎಷ್ಟು ಹತ್ತಿರ ಇರ್ಬೇಕು ಅಂತಾನೂ ನಮ್ಮ ಯಂತ್ರಕ್ಕೆ ಹೇಳಬಹುದು, ನಡುವಿನ ಮಾತನ್ನೆಲ್ಲ ಅದು ಚುಕ್ಕಿ ಹಾಕಿ ಬಿಟ್ಟುಬಿಡುತ್ತೆ," ಎಂದಳು ದೊಡ್ಡಮ್ಮ. "ಹಳೇ ಅಚ್ಚು ಮಾಸಿರುತ್ತೆ ಅಂತ ಒಂದೆರಡು ಅಕ್ಷರ ತಪ್ಪಿದ್ರೂ ಹೊಂದಿಸ್ಕೊ ಅಂತ ನಾನೇ ಬಿಟ್ಟಿದ್ದೀನಿ. ಆದ್ರೆ ಹತ್ತಿರ ಅಂದ್ರೆ ಐದು ಪದದೊಳಗೆ ಅಂತ ಇಟ್ಟಿದ್ದೆ. ಯಾರೋ ಅದನ್ನ ಎಳೆದೂ ಎಳೆದೂ ನಲವತ್ತು ಮಾಡಿದ್ದಾರೆ. ಅಷ್ಟು ಸಡಿಲ ಬಿಟ್ರೆ ನನ್ನನ್ನೂ ಕಳ್ಳರ ಪಕ್ಕ ಕೂರಿಸಬಹುದು. ಸುಮ್ನೆ ಓದೋಕೆ ಬಂದವರು 'ಅಡುಗೆಯವ', 'ವಿಷ' ಅಂತ ಜೋಡಿಸಿ ಹುಡುಕಲ್ಲ. ಮಸಿ ಬಳಿಯೋಕೆ ಬಂದವರೇ ಹುಡುಕೋದು."

"ಯಾರವರು?" ಮೇಷ್ಟ್ರು ಎದ್ದು ನಿಂತರು.

"ನೀವಲ್ಲ, ಕೂತ್ಕೊಳ್ಳಿ. ಒಬ್ಬರು ಮಾಡಿಟ್ಟ ಸೆಟ್ಟಿಂಗು ಇನ್ನೊಬ್ಬರು ಬದಲಿಸೋವರೆಗೂ ನಮ್ಮ ಯಂತ್ರದಲ್ಲಿ ಹಾಗೇ ಉಳಿಯುತ್ತೆ. ಆಮೇಲೆ ಕೂತ ಅಜ್ಜನಿಗೆ ಎರಡು ಕಾಟ ಸಿಕ್ಕಿತು: ನಲವತ್ತು ಪದದ ದೂರ, ಹೆಬ್ಬೆರಳು ಗಾತ್ರದ ಅಕ್ಷರ. ಹಾಳೆಯಲ್ಲೂ ಅದೇ ಗಾತ್ರ. ಕನ್ನಡಕ ಇರೋ ಮೇಷ್ಟ್ರಿಗೆ ಅದು ಬೇಡ. ಕನ್ನಡಕ ಬೇಕಾಗಿದ್ರೂ ಹಾಕದವರಿಗೆ ಬೇಕು." ಅವಳು ಪುಟವನ್ನು ವಾರ್ಡನ್ ಕಡೆ ಸರಿಸಿದಳು. "ಸಾಹೇಬ್ರೇ, ಬಹುಮಾನದ ಸುದ್ದಿ ಒಂದ್ಸಲ ನೀವೂ ಓದ್ತೀರಾ?"

ವಾರ್ಡನ್ ತೋಳು ಚಾಚಿದರು, ಕಿಟಕಿಯ ಬೆಳಕಿಗೆ ಹಿಡಿದರು, ಕೊನೆಗೆ ಕೆಳಗಿಟ್ಟರು.

"ಉಪ್ಪಿಲ್ಲದ ಊಟ ತಿಂದೂ ತಿಂದೂ ಜೀವನವೇ ಬೇಸರ ಆಗಿಹೋಯ್ತು," ಎಂದರು. "ಬೇಡಿಕೊಂಡ್ರೂ ಒಂದು ಚಿಟಿಕೆ ಹಾಕಲಿಲ್ಲ. ಇವನು ಹೋದ್ರೆ ಬರೋ ಹೊಸಬನಿಗೆ ನನ್ನ ಬಿಪಿ ವಿಷಯ ಗೊತ್ತಿರಲ್ಲ ಅಂತ..."

ನನಗೆ ನಗುವೂ ಬಂತು, ಮೈಯೂ ಉರಿಯಿತು. ಒಂದು ಚಿಟಿಕೆ ಉಪ್ಪಿಗಾಗಿ ಒಬ್ಬನ ಅನ್ನಕ್ಕೇ ಕಲ್ಲು ಹಾಕುವುದೇ?

ಹೆಡ್‌ಮೇಡಂ ಬೀಗದ ಕೈಯನ್ನು ಅಡುಗೆಯಣ್ಣನ ಕೈಗಿತ್ತು, "ತಪ್ಪಾಯ್ತಪ್ಪ, ವಿಚಾರಿಸದೆ ಮಾತಾಡಿದೆ" ಎಂದರು. ನಂತರ ವಾರ್ಡನ್ ಕಡೆ ತಿರುಗಿದರು. "ಸಂಜೆಯೊಳಗೆ ನೀವು ಹೊರಡಿ."

"ಬೇಡಮ್ಮ!" ಅಡುಗೆಯಣ್ಣ ಅಡ್ಡ ಬಂದ. "ಇಲ್ಲಿಂದ ಹೊರಟ್ರೆ ಹೋಟ್ಲಲ್ಲಿ ಸಿಕ್ಕಿದ್ದೆಲ್ಲ ತಿಂದು ಸಾಯ್ತಾರೆ. ಅವರ ಮನೆ ಅಮ್ಮಾವ್ರಿಗೆ ನಾನೇನು ಹೇಳ್ಲಿ?"

ವಾರ್ಡನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಡುಗೆಯಣ್ಣ ಅವರ ಭುಜ ಹಿಡಿದು ಎಬ್ಬಿಸಿದ.

"ಏಳಿ ಸಾಹೇಬ್ರೇ, ಊಟ ಆರ್ತಿದೆ."